ತೋಟಕ್ಕೆ ತೆರಿಗೆ ವಿನಾಯಿತಿ ಎಂದರೆ ಯಾವುದಕ್ಕೆ: ಮಣ್ಣಿಗೋ, ಮರಕ್ಕೋ, ಕೊಟ್ಟಿಗೆಗೋ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೆಸ್ನೊ ಕೌಂಟಿಯಲ್ಲಿ ನಮ್ಮ ಅಕ್ಕ-ಭಾವನವರ 40 ಎಕರೆ ಬಾದಾಮಿ ತೋಟವಿದೆ. ಸುತ್ತಲಿನ ಬೆಳೆಗಾರರು ಕೆಲವರು ಸೇರಿ, ಸಹಿ ಸಂಗ್ರಹಿಸಿ, ಕೃಷಿ ಆಸ್ತಿಗೆ ತೆರಿಗೆ ವಿನಾಯಿತಿ ಕೊಡುವ ಮಸೂದೆಯೊಂದನ್ನು ನೇರವಾಗಿ ಮತದಾರರ ಮುಂದಿಡುವ ಯೋಚನೆಯಲ್ಲಿದ್ದಾರೆ. ಭಾವನವರನ್ನೂ ಕರೆದಿದ್ದಾರೆ. ನಾನು ಗ್ರೀನ್ ಕಾರ್ಡ್ ಮೇಲೆ ಅಲ್ಲೇ ಇದ್ದೇನೆ. 2020ರ ಪ್ರಾಪ್ 15ರಲ್ಲಿ (ಪ್ರಾಪ್ ಎಂದರೆ ‘ಪ್ರಾಪೊಸಿಷನ್’, ಮತದಾರರ ಮುಂದಿಡುವ ಮಸೂದೆ) ಕೃಷಿಗೆ ವಿನಾಯಿತಿ ಇದೆ ಎಂದು ಬರೆದಿದ್ದರೂ ರೈತ ಸಂಘಟನೆಯೇ ಅದನ್ನು ವಿರೋಧಿಸಿದ್ದೇಕೆ? ಇಂಥ ಮಸೂದೆ ತರುವುದು ಹೇಗೆ, ಬಂದರೆ ನಿಜಕ್ಕೂ ಎಷ್ಟು ಉಳಿಯುತ್ತದೆ? ನಮ್ಮೂರಲ್ಲಿ ಹೊಲಕ್ಕೆ ಆಸ್ತಿ ತೆರಿಗೆಯೇ ಇಲ್ಲವಲ್ಲ, ಅಲ್ಲೂ ಹಾಗೇ ಮಾಡಬಾರದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಹೊರಡೋಣ. ಮಿಕ್ಕ ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಕರ್ನಾಟಕದಲ್ಲಿ ಹೊಲಕ್ಕಿರುವುದು ಕಂದಾಯ. ಅದನ್ನು ಕಟ್ಟುವುದು ಜಮೀನಿನ ವಿಸ್ತೀರ್ಣ ಮತ್ತು ತರಗತಿಯ ಮೇಲೆ: ಖುಷ್ಕಿಯೋ, ತರಿಯೋ, ಬಾಗಾಯ್ತೋ ಎಂದು ನೋಡಿ. ತೋಟದಲ್ಲಿ ಎಷ್ಟು ಅಡಿಕೆ ಮರವಿದೆ, ಪಂಪ್‌ಹೌಸಿನ ಬೆಲೆ ಎಷ್ಟು, ಟ್ರ್ಯಾಕ್ಟರ್ ಹೊಸದೋ ಹಳೆಯದೋ ಎಂದು ವರ್ಷವರ್ಷ ಯಾರೂ ಬೆಲೆ ಕಟ್ಟಲು ಬರುವುದಿಲ್ಲ. ಗ್ರಾಮ ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡಗಳಿಗೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿಗೆ. ಹೀಗಾಗಿ ನಮ್ಮ ಮನಸ್ಸಿನಲ್ಲಿ ‘ಕೃಷಿ ಜಮೀನು’ ಎನ್ನುವುದು ಒಂದೇ ಗಂಟು. ಕ್ಯಾಲಿಫೋರ್ನಿಯಾದಲ್ಲಿ ಆ ಗಂಟನ್ನು ಬಿಚ್ಚಿ, ಒಳಗಿನ ಒಂದೊಂದು ವಸ್ತುವಿಗೂ ಬೇರೆ ಬೇರೆ ಬೆಲೆ ಕಟ್ಟುತ್ತಾರೆ. ಅಲ್ಲಿನ ಸಂವಿಧಾನದ 13ನೇ ವಿಧಿಯ ಪ್ರಕಾರ, ವಿನಾಯಿತಿ ಇದೆ ಎಂದು ಎಲ್ಲಾದರೂ ಬರೆದಿದ್ದರೆ ಮಾತ್ರ ವಿನಾಯಿತಿ, ಇಲ್ಲವಾದರೆ ಎಲ್ಲ ಆಸ್ತಿಯೂ ತೆರಿಗೆಗೆ ಒಳಪಟ್ಟದ್ದೇ.

ನಿಮ್ಮ ಭಾವನವರ ತೋಟವನ್ನೇ ಬಿಚ್ಚಿ ನೋಡಿ. ಮೊದಲನೆಯದು ಮಣ್ಣು. ಎರಡನೆಯದು ಮರಗಳು, ಇವನ್ನು ಅಲ್ಲಿ ‘ಇಂಪ್ರೂವ್‌ಮೆಂಟ್’ ಎಂದೇ ಲೆಕ್ಕ ಹಿಡಿಯುತ್ತಾರೆ, ಅಂದರೆ ಜಮೀನಿನ ಮೇಲೆ ಮಾಡಿದ ಅಭಿವೃದ್ಧಿ. ಮೂರನೆಯದು ಶೆಡ್ಡು, ಬೋರ್‌ವೆಲ್ ಪಂಪು, ನೆಲದಡಿ ಹೂತ ಹನಿ ನೀರಾವರಿ ಪೈಪು. ಇವೂ ಸ್ಥಿರಾಸ್ತಿಯೇ. ನಾಲ್ಕನೆಯದು ಚರಾಸ್ತಿ: ಟ್ರ್ಯಾಕ್ಟರು, ಮರ ಅಲುಗಿಸಿ ಕಾಯಿ ಉದುರಿಸುವ ಶೇಕರ್, ಗುಡಿಸುವ ಯಂತ್ರ. ಐದನೆಯದು ಬೆಳೆ. ಹೊಲದಲ್ಲಿ ನಿಂತಿರುವ ಬೆಳೆಗೆ ತೆರಿಗೆಯಿಲ್ಲ, ಅದು ಸಂವಿಧಾನದಲ್ಲೇ ಇದೆ. ಹಣ್ಣಿನ ಮತ್ತು ಕಾಯಿಯ ಮರಗಳಿಗೂ ಸ್ವಲ್ಪ ಕಾಲ ವಿನಾಯಿತಿ ಇದೆ: ತೋಟವಾಗಿ ನೆಟ್ಟ ಹಂಗಾಮು ಮುಗಿದ ಮೇಲೆ 4 ವರ್ಷ. ದ್ರಾಕ್ಷಿ ಬಳ್ಳಿಗಾದರೆ 3 ವರ್ಷ. ಆ ಗಡುವು ದಾಟಿದ ಕೂಡಲೇ ಕೌಂಟಿಯ ಅಸೆಸರ್, ಅಂದರೆ ಆಸ್ತಿಗೆ ಬೆಲೆ ಕಟ್ಟುವ ಚುನಾಯಿತ ಅಧಿಕಾರಿ, ಮರಗಳಿಗೆ ಬೆಲೆ ಕಟ್ಟಿ ಪಟ್ಟಿಗೆ ಸೇರಿಸುತ್ತಾರೆ. ಮುದಿ ತೋಟ ಕಿತ್ತು ಹೊಸದಾಗಿ ನೆಟ್ಟರೆ ಲೆಕ್ಕ ಮತ್ತೆ ಮೊದಲಿಂದ. ಹೊಸ ಮರಕ್ಕೆ ಹೊಸ ಬೆಲೆ.

ಇನ್ನು ಬೆಲೆ ಕಟ್ಟುವ ಬಗೆ. 1978ರ ಜೂನ್ 6ರಂದು ಮತದಾರರು ಸುಮಾರು ಶೇ 65ರ ಬೆಂಬಲದಿಂದ ಒಪ್ಪಿದ ಪ್ರಾಪ್ 13 ಇವತ್ತಿಗೂ ಅಡಿಗಲ್ಲು. ಹೋವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಮುಂದೆ ನಿಂತು ಸಹಿ ಸಂಗ್ರಹಿಸಿ ತಂದ ಮಸೂದೆ ಅದು. ಅದರ ಪ್ರಕಾರ ಮೂಲ ತೆರಿಗೆ ದರ ಬೆಲೆಯ ಶೇ 1ನ್ನು ದಾಟುವಂತಿಲ್ಲ. ಕೊಂಡ ವರ್ಷದ ಬೆಲೆಯೇ ಮೂಲಬೆಲೆ, ಅದು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆಸ್ತಿ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಮಾರುಕಟ್ಟೆ ದರಕ್ಕೆ ಮರುಮೌಲ್ಯಮಾಪನ. ಆದರೆ ಈ ಕೊಡೆಯ ಕೆಳಗೆ ನಿಲ್ಲುವುದು ಸ್ಥಿರಾಸ್ತಿ ಮಾತ್ರ. ಟ್ರ್ಯಾಕ್ಟರು, ಶೇಕರುಗಳಿಗೆ ಪ್ರತಿ ವರ್ಷ ಜನವರಿ 1ಕ್ಕೆ ಇರುವ ಮಾರುಕಟ್ಟೆ ಬೆಲೆಯೇ ಆಧಾರ.

ಲೆಕ್ಕಕ್ಕೆಂದು ಕೆಲವು ದುಂಡು ಅಂಕಿ ಹಿಡಿಯುತ್ತೇನೆ. ನಿಮ್ಮ ಭಾವನವರ ತೆರಿಗೆ ಚೀಟಿಯ ಅಂಕಿಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿ. 1996ರಲ್ಲಿ ಎಕರೆಗೆ 5,000 ಡಾಲರಿನಂತೆ 40 ಎಕರೆ ಕೊಂಡಿದ್ದರೆ ಮೂಲಬೆಲೆ 2 ಲಕ್ಷ ಡಾಲರ್. ವರ್ಷವೂ ಪೂರ್ತಿ ಶೇ 2 ಏರಿದೆ ಎಂದರೂ 28 ವರ್ಷಕ್ಕೆ ಅದು ಸುಮಾರು 3.48 ಲಕ್ಷ. ಇಂದಿನ ಮಾರುಕಟ್ಟೆ ಬೆಲೆ ಎಕರೆಗೆ 25,000 ಎಂದಿಟ್ಟುಕೊಂಡರೆ 10 ಲಕ್ಷ. ಶೇ 1ರಂತೆ ಕಟ್ಟುವುದು 3,480. ಪ್ರಾಪ್ 13 ಇಲ್ಲದಿದ್ದರೆ 10,000. ಮರಗಳಿಗೆ 2.4 ಲಕ್ಷ ಎಂದರೆ ತೆರಿಗೆ 2,400. ಶೆಡ್ಡು, ಪಂಪು, ಪೈಪಿಗೆ ಒಂದೂವರೆ ಲಕ್ಷ, ತೆರಿಗೆ 1,500. ಯಂತ್ರಗಳಿಗೆ 2 ಲಕ್ಷ, ತೆರಿಗೆ 2,000. ಒಟ್ಟು 9,380 ಡಾಲರ್. ಇದರ ಮೇಲೆ ಶಾಲೆ ಮತ್ತಿತರ ಬಾಂಡುಗಳ ಸಾಲ ತೀರಿಸಲು ಹಾಕುವ ಹೆಚ್ಚುವರಿ ದರ ಬೇರೆ.

ಈ ಲೆಕ್ಕದಲ್ಲಿ ಎದ್ದು ಕಾಣುವುದೇನು? ಹಳೆಯ ಮಾಲೀಕರಿಗೆ ಮಣ್ಣಿನ ಮೇಲಿನ ತೆರಿಗೆ ಆಗಲೇ ಮೂರನೇ ಒಂದು ಭಾಗಕ್ಕೆ ಇಳಿದಿದೆ. ಭಾರವಾಗಿ ಕೂತಿರುವುದು ಮರ, ಶೆಡ್ಡು, ಯಂತ್ರಗಳ 5,900. ‘ಕೃಷಿ ಜಮೀನಿಗೆ ವಿನಾಯಿತಿ’ ಎಂದಷ್ಟೇ ಬರೆದ ಮಸೂದೆ ಈ 5,900ನ್ನು ಮುಟ್ಟುವುದೇ ಇಲ್ಲ. ಪ್ರಾಪ್ 15ರ ಜಗಳ ನಡೆದದ್ದು ಸರಿಯಾಗಿ ಈ ಜಾಗದಲ್ಲಿ.

ಪ್ರಾಪ್ 15: ಒಂದು ಪದದ ಕಥೆ

2020ರ ನವೆಂಬರ್ 3ರ ಮತಪತ್ರದಲ್ಲಿದ್ದ ಪ್ರಾಪ್ 15, ಪ್ರಾಪ್ 13ರ ಕೊಡೆಯ ಕೆಳಗಿಂದ ವಾಣಿಜ್ಯ ಮತ್ತು ಕೈಗಾರಿಕಾ ಆಸ್ತಿಯನ್ನು ಹೊರಗೆಳೆದು ಮಾರುಕಟ್ಟೆ ಬೆಲೆಗೆ ತೆರಿಗೆ ಹಾಕಲು ಹೊರಟಿತ್ತು. ಮನೆಗಳಿಗೆ ಏನೂ ಬದಲಾವಣೆ ಇರಲಿಲ್ಲ. ರಾಜ್ಯದ ಶಾಸಕಾಂಗ ವಿಶ್ಲೇಷಕರ ಕಚೇರಿ ಅಂದಾಜಿಸಿದಂತೆ ಪೂರ್ತಿ ಜಾರಿಯಾದ ಮೇಲೆ ವರ್ಷಕ್ಕೆ 650 ಕೋಟಿಯಿಂದ 1,150 ಕೋಟಿ ಡಾಲರ್ ಹೊಸ ಆದಾಯ, ಅದರಲ್ಲಿ ಶೇ 60 ನಗರ, ಕೌಂಟಿ ಮತ್ತಿತರ ಸ್ಥಳೀಯ ಸಂಸ್ಥೆಗಳಿಗೆ, ಶೇ 40 ಶಾಲೆ-ಸಮುದಾಯ ಕಾಲೇಜುಗಳಿಗೆ. ವಾಣಿಜ್ಯ ಕೃಷಿಗೆ ಬಳಸುವ ಸ್ಥಿರಾಸ್ತಿ ಇದರಿಂದ ಹೊರಗೆ ಎಂದು ಮಸೂದೆ ಹೇಳಿತ್ತು.

ಆಮೇಲೆ ವ್ಯಾಖ್ಯೆಗಳ ಭಾಗ ಬಂತು. ‘ವಾಣಿಜ್ಯ ಕೃಷಿಗೆ ಬಳಸುವ ಸ್ಥಿರಾಸ್ತಿ ಎಂದರೆ ಕೃಷಿ ಉತ್ಪನ್ನ ಬೆಳೆಯಲು ಬಳಸುವ ಜಮೀನು’ ಎಂದು ಅಲ್ಲಿ ಬರೆದಿದ್ದರು. ಜಮೀನು ಎಂಬ ಒಂದೇ ಪದ. ಕ್ಯಾಲಿಫೋರ್ನಿಯಾದ ತೆರಿಗೆ ಭಾಷೆಯಲ್ಲಿ ಜಮೀನು ಬೇರೆ, ಅದರ ಮೇಲಿನ ಮರ-ಕಟ್ಟಡ ಬೇರೆ ಎಂದು ಮೇಲೆ ನೋಡಿದೆವಲ್ಲ. ಹಾಗಾದರೆ ಕೊಟ್ಟಿಗೆ, ಹಾಲಿನ ಡೇರಿಯ ಕಟ್ಟಡ, ಪ್ಯಾಕಿಂಗ್ ಹೌಸು, ದ್ರಾಕ್ಷಿ ಬಳ್ಳಿ, ಬಾದಾಮಿ ಮರ? ಇವೆಲ್ಲ ಮಾರುಕಟ್ಟೆ ಬೆಲೆಗೆ ಏರುತ್ತವೆ ಎಂದು ನೀವು ಹೇಳಿದ ರೈತ ಸಂಘಟನೆ, ಕ್ಯಾಲಿಫೋರ್ನಿಯಾ ಫಾರ್ಮ್ ಬ್ಯೂರೊ, ಪ್ರಚಾರಕ್ಕಿಳಿಯಿತು. ಕೌಂಟಿ ಅಸೆಸರ್‌ಗಳ ಸಂಘವೂ ಮಸೂದೆಯನ್ನು ವಿರೋಧಿಸಿತು. ಬೆಂಬಲಿಗರು ‘ನಮ್ಮ ಉದ್ದೇಶ ಹಾಗಲ್ಲ’ ಎಂದು ಸಾರಿ ಹೇಳಿದರು. ಆದರೆ ಸಹಿ ಸಂಗ್ರಹಕ್ಕೆ ಹೋದ ಪಠ್ಯದಲ್ಲಿ ಆಮೇಲೆ ಒಂದು ಅಲ್ಪವಿರಾಮ ಸೇರಿಸಲೂ ಬರುವುದಿಲ್ಲ. ಅಸೆಸರ್ ಓದುವುದು ಪಠ್ಯವನ್ನು, ಉದ್ದೇಶವನ್ನಲ್ಲ.

ಇನ್ನೊಂದು ತೊಡಕು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ವಸತಿ ವಲಯದಲ್ಲಿಲ್ಲದ, ವಾಣಿಜ್ಯ ಕೃಷಿಗೂ ಬಳಸದ ಖಾಲಿ ಜಮೀನನ್ನು ಮಸೂದೆ ವಾಣಿಜ್ಯ ಆಸ್ತಿಯ ಗುಂಪಿಗೆ ಸೇರಿಸಿತ್ತು. ನೀರಿಲ್ಲದೆ ಎರಡು ವರ್ಷ ಬೀಳು ಬಿಟ್ಟ ಹೊಲ ಯಾವ ಗುಂಪಿನದು? ಬರ ಬಂದಾಗಲೆಲ್ಲ ಹೊಲ ಬೀಳು ಬೀಳುವ, ಫ್ರೆಸ್ನೊ ಇರುವ ಮಧ್ಯ ಕಣಿವೆಯಲ್ಲಿ ಇದು ಬಾಯಿಮಾತಿನ ಪ್ರಶ್ನೆಯಲ್ಲ.

ಆದರೂ ನ್ಯಾಯವಾಗಿ ಹೇಳಬೇಕಾದ್ದೊಂದಿದೆ. ಅದೇ ಮಸೂದೆಯಲ್ಲಿ ಮಾಲೀಕರ ಒಟ್ಟು ವ್ಯಾಪಾರಿ ಸ್ಥಿರಾಸ್ತಿ 30 ಲಕ್ಷ ಡಾಲರಿನ ಒಳಗಿದ್ದರೆ ಮರುಮೌಲ್ಯಮಾಪನ ಇಲ್ಲ ಎಂದಿತ್ತು. ಸಣ್ಣ ವ್ಯವಹಾರಗಳ ಚರಾಸ್ತಿಗೆ ಪೂರ್ತಿ ವಿನಾಯಿತಿ, ಮಿಕ್ಕವರಿಗೆ 5 ಲಕ್ಷ ಡಾಲರಿನವರೆಗೆ ವಿನಾಯಿತಿ ಎಂದೂ ಇತ್ತು. ನಮ್ಮ ಲೆಕ್ಕದ 40 ಎಕರೆಯವರಿಗೆ ಯಂತ್ರಗಳ 2,000 ಡಾಲರ್ ತೆರಿಗೆ ಅದರಿಂದ ಸೊನ್ನೆಯಾಗುತ್ತಿತ್ತು. ಏಟು ಬೀಳುವ ಸಾಧ್ಯತೆ ಇದ್ದದ್ದು ದೊಡ್ಡ ಡೇರಿ, ವೈನರಿ, ಪ್ಯಾಕಿಂಗ್ ಹೌಸುಗಳವರಿಗೆ. ಪ್ರಚಾರದ ಗದ್ದಲದಲ್ಲಿ ಸಣ್ಣ ಬೆಳೆಗಾರರು ದೊಡ್ಡವರ ಭಯವನ್ನು ತಮ್ಮದೆಂದು ಹೊತ್ತುಕೊಂಡರು ಎಂಬುದು ನನ್ನ ಅಭಿಪ್ರಾಯ. ಕೊನೆಗೆ ಮಸೂದೆ ಸೋತಿತು: ಪರ ಸುಮಾರು ಶೇ 48, ವಿರೋಧ ಶೇ 52.

ಮಸೂದೆ ಬರೆಯುವ ಮುಂಚೆ

ನಿಮ್ಮ ಭಾವನವರ ಗುಂಪು ಮೊದಲು ತೀರ್ಮಾನಿಸಬೇಕಾದ್ದು ಇದು: ಬೇಕಿರುವುದು ಸಾಮಾನ್ಯ ಕಾನೂನೋ, ಸಂವಿಧಾನ ತಿದ್ದುಪಡಿಯೋ? ಮರ, ಶೆಡ್ಡು, ಪಂಪಿಗೆ ಹೊಸ ವಿನಾಯಿತಿ ಬೇಕೆಂದರೆ ಅದು ಸ್ಥಿರಾಸ್ತಿ, ತಿದ್ದುಪಡಿಯೇ ಆಗಬೇಕು. ಟ್ರ್ಯಾಕ್ಟರು, ಶೇಕರು ಮಾತ್ರ ಎಂದರೆ ದಾರಿ ಸ್ವಲ್ಪ ಸಲೀಸು. ಚರಾಸ್ತಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸಂವಿಧಾನ ಈಗಾಗಲೇ ಶಾಸಕಾಂಗಕ್ಕೆ ಕೊಟ್ಟಿದೆ, ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕೆಂಬ ಷರತ್ತಿನೊಡನೆ. ಅದನ್ನೇ ಮತದಾರರು ಸಾಮಾನ್ಯ ಕಾನೂನಾಗಿ ಸರಳ ಬಹುಮತದಿಂದ ತರಬಹುದೇ ಎಂಬುದಕ್ಕೆ ಚುನಾವಣಾ ಕಾನೂನು ಬಲ್ಲ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಶಾಸಕಾಂಗಕ್ಕೆ ಹಾಕಿದ ಮೂರನೇ ಎರಡರ ಕಟ್ಟು ಮತದಾರರಿಗೆ ತಾನಾಗಿ ಅನ್ವಯಿಸುವುದಿಲ್ಲ ಎಂಬ ಧಾಟಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಬೇರೊಂದು ತೆರಿಗೆ ಪ್ರಕರಣದಲ್ಲಿ 1991ರಲ್ಲೇ ಹೇಳಿದೆ. ಹಾಗಾಗಿ ವಾದಕ್ಕೆ ನೆಲೆಯಂತೂ ಇದೆ.

ವ್ಯತ್ಯಾಸ ಸಹಿಗಳ ಲೆಕ್ಕದಲ್ಲಿ ಕಾಣುತ್ತದೆ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಒಟ್ಟು ಮತಗಳ ಶೇ 5ರಷ್ಟು ಸಹಿ ಸಾಮಾನ್ಯ ಕಾನೂನಿಗೆ, ಶೇ 8ರಷ್ಟು ತಿದ್ದುಪಡಿಗೆ. 2022ರ ಚುನಾವಣೆಯ ಆಧಾರದಲ್ಲಿ ಅದು 5,46,651 ಮತ್ತು 8,74,641. ಪ್ರಾಪ್ 15ರ ಕಾಲಕ್ಕೆ ತಿದ್ದುಪಡಿಗೆ 9,97,139 ಬೇಕಿತ್ತು. ಪ್ರತಿ ಗವರ್ನರ್ ಚುನಾವಣೆಯ ನಂತರ ಈ ಸಂಖ್ಯೆ ಬದಲಾಗುತ್ತದೆ, ಹೊರಡುವ ದಿನದ ಅಂಕಿಯನ್ನೇ ನೋಡಿಕೊಳ್ಳಬೇಕು.

ಎರಡನೆಯದು ವ್ಯಾಖ್ಯೆ. ಯಾವ ವಸ್ತು ಎಂಬುದರ ಜೊತೆಗೆ ಯಾರು ರೈತ ಎಂಬುದನ್ನೂ ಬರೆಯಬೇಕು, ಮತ್ತು ಇದು ಬಹಳ ಕಷ್ಟದ ಕೆಲಸ. ಅಮೆರಿಕದಲ್ಲಿ ಕೃಷಿ ಭೂಮಿಗೆ ಮಾರುಕಟ್ಟೆ ಬೆಲೆಯ ಬದಲು ಬಳಕೆಯ ಬೆಲೆಗೆ ತೆರಿಗೆ ಹಾಕುವ ಪದ್ಧತಿಯನ್ನು 1956ರಲ್ಲಿ ಮೊದಲು ತಂದದ್ದು ಮೇರಿಲ್ಯಾಂಡ್. ಈಗ ಒಂದಲ್ಲ ಒಂದು ರೂಪದಲ್ಲಿ 50 ರಾಜ್ಯಗಳಲ್ಲೂ ರಿಯಾಯಿತಿ ಇದೆ. ನ್ಯೂಜೆರ್ಸಿಯಲ್ಲಿ ಮತದಾರರು 1963ರಲ್ಲಿ ಸಂವಿಧಾನ ತಿದ್ದಿ ದಾರಿ ಮಾಡಿಕೊಟ್ಟರು. 5 ಎಕರೆ, ವರ್ಷಕ್ಕೆ 500 ಡಾಲರ್ ಮಾರಾಟ ತೋರಿಸಿದರೆ ಸಾಕಿತ್ತು. ಬಂಗಲೆಗಳ ಹಿಂದಿನ ಕಾಡಿನಿಂದ ಒಂದಿಷ್ಟು ಸೌದೆ ಮಾರಿ ‘ರೈತ’ರಾದವರು ಹೆಚ್ಚಿದ ಮೇಲೆ 2013ರ ಕಾನೂನು ಅದನ್ನು 1,000ಕ್ಕೆ ಏರಿಸಿತು. ಫ್ಲಾರಿಡಾದಲ್ಲಿ ಬಡಾವಣೆ ಮಾಡಲು ಕಾದಿರುವ ಜಾಗದಲ್ಲಿ ನಾಲ್ಕು ಹಸು ಬಾಡಿಗೆಗೆ ತಂದು ಮೇಯಿಸಿ ತೆರಿಗೆ ಇಳಿಸಿಕೊಳ್ಳುವುದಕ್ಕೆ ‘ಬಾಡಿಗೆ ಹಸು’ ಎಂಬ ಹೆಸರೇ ಬಿದ್ದಿದೆ. ಬೆಂಗಳೂರಿನ ಸುತ್ತ ಫಾರ್ಮ್‌ಹೌಸ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥವನ್ನು ತಡೆಯದ ಕರಡನ್ನು ಎದುರಾಳಿಗಳು ಟಿವಿ ಜಾಹೀರಾತಿನಲ್ಲಿ ಹಸುವಿನ ಸಮೇತ ತೋರಿಸುತ್ತಾರೆ.

ಎಕರೆಯ ಕನಿಷ್ಠ ಮಿತಿಗಿಂತ ಆದಾಯದ ಮಿತಿ ಮೇಲು, ಒಂದು ವರ್ಷದ ಆದಾಯಕ್ಕಿಂತ ಐದರಲ್ಲಿ ಮೂರು ವರ್ಷದ ಆದಾಯ ಇನ್ನೂ ಮೇಲು. ಬರದ ವರ್ಷದಲ್ಲಿ ನಿಜವಾದ ರೈತ ಹೊರಗೆ ಬೀಳುವುದಿಲ್ಲ. ಬೀಳು ಬಿಟ್ಟ ಹೊಲ, ಎಳೆ ತೋಟ, ಗುತ್ತಿಗೆಗೆ ಕೊಟ್ಟ ಹೊಲ ಮೂರನ್ನೂ ಹೆಸರಿಸಿ ಬರೆಯಬೇಕು. ಪ್ಯಾಕಿಂಗ್ ಹೌಸು ತನ್ನದೇ ಬೆಳೆ ತುಂಬುವುದಾದರೆ ಕೃಷಿ, ಊರವರೆಲ್ಲರ ಬೆಳೆ ತುಂಬುವುದಾದರೆ ವ್ಯಾಪಾರ ಎಂಬ ಗೆರೆಯನ್ನು ಎಲ್ಲಾದರೂ ಎಳೆಯಲೇಬೇಕು. ಎಳೆಯದೆ ಬಿಟ್ಟರೆ 58 ಕೌಂಟಿಗಳ 58 ಅಸೆಸರ್‌ಗಳು 58 ಗೆರೆ ಎಳೆಯುತ್ತಾರೆ. ಇನ್ನು, ಸಾಮಾನ್ಯ ಕಾನೂನಾಗಿ ಬಂದ ಮಸೂದೆಯನ್ನೂ ಮುಂದೆ ಶಾಸಕಾಂಗ ತಾನೇ ತಿದ್ದುವಂತಿಲ್ಲ, ತಿದ್ದಬಹುದು ಎಂದು ಮಸೂದೆಯೇ ಹೇಳಿದ್ದರೆ ಮಾತ್ರ. ಆ ಒಂದು ಸಾಲನ್ನು ಮರೆತರೆ ಸಣ್ಣ ತಪ್ಪಿಗೂ ಮತ್ತೆ ರಾಜ್ಯದಾದ್ಯಂತ ಮತದಾನ.

ಸಹಿಯ ದಾರಿ

25 ಮತದಾರರು ಸೇರಿ ಕೇಳಿದರೆ ಶಾಸಕಾಂಗದ ಕಾನೂನು ಸಲಹಾ ಕಚೇರಿ ಕರಡು ಬರೆಯಲು ನೆರವಾಗುತ್ತದೆ. ಆದರೂ ಸ್ವಂತ ವಕೀಲರೊಬ್ಬರು ಬೇಕು. ಕರಡನ್ನು 2,000 ಡಾಲರ್ ಶುಲ್ಕದೊಡನೆ ಅಟಾರ್ನಿ ಜನರಲ್‌ಗೆ, ಅಂದರೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿಗೆ, ಸಲ್ಲಿಸಬೇಕು. ಎರಡು ವರ್ಷದೊಳಗೆ ಮಸೂದೆ ಮತಪತ್ರಕ್ಕೆ ಅರ್ಹವಾದರೆ ಹಣ ವಾಪಸು. ನಂತರ 30 ದಿನ ಸಾರ್ವಜನಿಕ ಅಭಿಪ್ರಾಯದ ಅವಧಿ. ಅದು ಮುಗಿದ 5 ದಿನದೊಳಗೆ ಪಠ್ಯ ತಿದ್ದಬಹುದು, ಮೂಲ ವಿಷಯದ ಚೌಕಟ್ಟಿನೊಳಗೆ ಮಾತ್ರ. ಇದೇ ಕೊನೆಯ ಅವಕಾಶ. ‘ಜಮೀನು’ ಎಂಬ ಪದ ಸಾಲದು ಎಂದು ಗೊತ್ತಾದರೆ ಈ 35 ದಿನದೊಳಗೆ ಗೊತ್ತಾಗಬೇಕು. ಹಾಗಾಗಿ ಕರಡನ್ನು ಸಲ್ಲಿಸುವ ಮುಂಚೆಯೇ ನಿವೃತ್ತ ಅಸೆಸರ್ ಒಬ್ಬರಿಗೆ ಕೊಟ್ಟು, ‘ಇದನ್ನಿಟ್ಟುಕೊಂಡು ಈ ತೋಟಕ್ಕೆ ಬೆಲೆ ಕಟ್ಟಿ’ ಎಂದು ಕೇಳಿ. ಅವರು ಎಲ್ಲಿ ಎಡವುತ್ತಾರೋ ಅಲ್ಲಿ ಪಠ್ಯ ಸೋತಿದೆ.

ವಿಶ್ಲೇಷಕರ ಕಚೇರಿಯ ಹಣಕಾಸು ಅಂದಾಜು 50 ದಿನದೊಳಗೆ ಬರುತ್ತದೆ. ಆಮೇಲೆ 15 ದಿನದಲ್ಲಿ ಅಟಾರ್ನಿ ಜನರಲ್ 100 ಪದ ಮೀರದ ಶೀರ್ಷಿಕೆ-ಸಾರಾಂಶ ಬರೆದುಕೊಡುತ್ತಾರೆ. ಮಸೂದೆಗೆ ಹೆಸರಿಡುವುದು ತಂದವರಲ್ಲ, ಅವರು. ‘ರೈತ ರಕ್ಷಣೆ’ ಎಂದು ನೀವು ಇಟ್ಟ ಹೆಸರು ಹೋಗಿ ‘ಸ್ಥಳೀಯ ಸಂಸ್ಥೆಗಳ ಆದಾಯ ಇಳಿಸುತ್ತದೆ’ ಎಂಬ ಮಾತು ಸಾರಾಂಶದಲ್ಲಿ ಕೂತರೆ ಅಚ್ಚರಿಪಡಬೇಡಿ. ಅಲ್ಲಿಂದ ಸಹಿ ಸಂಗ್ರಹಕ್ಕೆ 180 ದಿನ. ನಾಲ್ಕನೇ ಒಂದರಷ್ಟು ಸಹಿ ಸೇರಿದಾಗ ತಿಳಿಸಬೇಕು, ಶಾಸಕಾಂಗದ ಸಮಿತಿಗಳು ಮಸೂದೆಯ ಮೇಲೆ ಜಂಟಿ ವಿಚಾರಣೆ ನಡೆಸುತ್ತವೆ. ಮತದಾನಕ್ಕೆ 131 ದಿನ ಮುಂಚೆ ಎಲ್ಲ ಪರಿಶೀಲನೆ ಮುಗಿದು ಅರ್ಹವಾಗಿರಬೇಕು, ಅಂದರೆ ನವೆಂಬರ್ ಚುನಾವಣೆಗೆ ಜೂನ್ ಕೊನೆ. ಹಿಂದಕ್ಕೆ ಎಣಿಸಿದರೆ ಹಿಂದಿನ ವರ್ಷದ ಆಗಸ್ಟ್ ಹೊತ್ತಿಗೆ ಕರಡು ಸಲ್ಲಿಕೆಯಾಗಿದ್ದರೆ ಕ್ಷೇಮ.

ಇನ್ನು ಸಹಿಗಳ ತಪಾಸಣೆ. ಇಲ್ಲಿ ಬಹಳ ಗುಂಪುಗಳು ಲೆಕ್ಕ ತಪ್ಪುತ್ತವೆ. ಕೌಂಟಿ ಕಚೇರಿ ಎಲ್ಲ ಸಹಿ ನೋಡುವುದಿಲ್ಲ. ತನ್ನಲ್ಲಿ ಬಂದ ಸಹಿಗಳಲ್ಲಿ 500 ಅಥವಾ ಶೇ 3, ಯಾವುದು ಹೆಚ್ಚೋ ಅಷ್ಟನ್ನು ಅಲ್ಲೊಂದು ಇಲ್ಲೊಂದು ಆರಿಸಿ ಪರೀಕ್ಷಿಸುತ್ತದೆ. ಅದರ ಆಧಾರದಲ್ಲಿ ರಾಜ್ಯದ ಒಟ್ಟು ಅಂದಾಜು ಬೇಕಾದ ಸಂಖ್ಯೆಯ ಶೇ 110 ದಾಟಿದರೆ ಪಾಸು, ಶೇ 95ಕ್ಕಿಂತ ಕಡಿಮೆಯಾದರೆ ನಪಾಸು, ನಡುವೆ ಬಿದ್ದರೆ ಒಂದೊಂದು ಸಹಿಯನ್ನೂ ಎಣಿಸಬೇಕು. ಆ ಪೂರ್ತಿ ಎಣಿಕೆಗೆ 30 ಕೆಲಸದ ದಿನ ಬೇಕು, ಅಷ್ಟರಲ್ಲಿ 131 ದಿನದ ಗಡುವು ದಾಟಿಹೋಗಬಹುದು.

ಒಬ್ಬರೇ ಎರಡು ಸಲ ಹಾಕಿದ ಸಹಿ ಇದರಲ್ಲಿ ವಿಷವಿದ್ದಂತೆ. ಒಂದು ಜೋಡಿಯ ಎರಡೂ ಸಹಿಗಳು ಶೇ 3ರ ಮಾದರಿಯೊಳಗೆ ಬೀಳುವ ಸಂಭವ ಸುಮಾರು ಸಾವಿರಕ್ಕೊಂದು. ಆದ್ದರಿಂದ ಮಾದರಿಯಲ್ಲಿ ಒಂದೇ ಒಂದು ಜೋಡಿ ಸಿಕ್ಕರೂ ‘ಹೊರಗೆ ಇಂಥವು ಸಾವಿರಕ್ಕೂ ಹೆಚ್ಚು ಇವೆ’ ಎಂದು ಸೂತ್ರ ಊಹಿಸುತ್ತದೆ. ಶೇ 3 ಎಂದರೆ ಪ್ರತಿ ಸಹಿ 33.3 ಸಹಿಗಳ ಪ್ರತಿನಿಧಿ, 33.3ನ್ನು 32.3ರಿಂದ ಗುಣಿಸಿದರೆ ಸುಮಾರು 1,078. ಒಂದು ಜೋಡಿಗೆ ಇಷ್ಟು ಸಹಿ ಕಳೆದುಕೊಳ್ಳುತ್ತೀರಿ. ಹತ್ತು ಜೋಡಿ ಸಿಕ್ಕರೆ ಹತ್ತು ಸಾವಿರದ ಮೇಲೆ ಹೋಯಿತು. ಸಹಿಗೆ ಇಷ್ಟು ಎಂದು ಕೂಲಿ ಕೊಟ್ಟು ಸಂಗ್ರಹಿಸುವಾಗ ಇದು ಹೆಚ್ಚು. ಸಲ್ಲಿಸುವ ಮುಂಚೆ ಎಲ್ಲ ಹೆಸರನ್ನೂ ಕಂಪ್ಯೂಟರಿಗೆ ಹಾಕಿ ಜೋಡಿಗಳನ್ನು ಹುಡುಕಿ ಹೊಡೆದುಹಾಕುವುದೊಂದೇ ಮದ್ದು. ಬೇಕಾದ್ದಕ್ಕಿಂತ ಮೂರನೇ ಒಂದು ಭಾಗ, ಸಾಧ್ಯವಾದರೆ ಅರ್ಧದಷ್ಟು, ಹೆಚ್ಚುವರಿ ಸಹಿ ಇಟ್ಟುಕೊಳ್ಳಿ.

ಪ್ರತಿ ಹಾಳೆಯಲ್ಲಿ ಒಂದೇ ಕೌಂಟಿಯ ಮತದಾರರ ಸಹಿ ಇರಬೇಕು. ವಿಳಾಸವನ್ನು ಸಹಿ ಹಾಕುವವರೇ ಬರೆಯಬೇಕು, ಅದು ನೋಂದಣಿಯಲ್ಲಿರುವ ವಾಸದ ವಿಳಾಸವಾಗಿರಬೇಕು, ಅಂಚೆ ಪೆಟ್ಟಿಗೆ ಸಂಖ್ಯೆ ನಡೆಯದು. ಹಳ್ಳಿಗಾಡಿನ ಬೆಳೆಗಾರರಲ್ಲಿ ಬಹಳ ಸಹಿ ಬಿದ್ದುಹೋಗುವುದು ಇಲ್ಲೇ, ಅಲ್ಲಿ ಪತ್ರಗಳೆಲ್ಲ ಅಂಚೆ ಪೆಟ್ಟಿಗೆಗೇ ಬರುತ್ತವೆ.

ನಿಮ್ಮ ವಿಷಯ: ಗ್ರೀನ್ ಕಾರ್ಡ್ ಇರುವವರು ಸಹಿ ಹಾಕುವಂತಿಲ್ಲ, ಸಹಿ ನೋಂದಾಯಿತ ಮತದಾರರದ್ದೇ ಆಗಬೇಕು, ಮತದಾರರಾಗಲು ಪೌರತ್ವ ಬೇಕು. ಆದರೆ ಹಾಳೆ ಹಿಡಿದು ಸಹಿ ಸಂಗ್ರಹಿಸಲು 18 ವರ್ಷವಾಗಿದ್ದರೆ ಸಾಕು. ಊರಿನಲ್ಲಿರುವ ನೆಂಟರು ಈ ಪ್ರಚಾರಕ್ಕೆಂದು ದುಡ್ಡು ಕಳಿಸುವುದು ಬೇಡವೇ ಬೇಡ. ಹೊರದೇಶದವರಿಂದ ಇಂಥ ಮಸೂದೆಗಳಿಗೆ ದೇಣಿಗೆ ಪಡೆಯುವುದನ್ನು ರಾಜ್ಯದ ಕಾನೂನು ನಿಷೇಧಿಸಿದೆ.

ಹೋದ ಹಣ ಯಾರ ಜೇಬಿನಿಂದ?

ಮತದಾರರು ಕೇಳುವ ಪ್ರಶ್ನೆ ಇದೊಂದೇ, ಮತ್ತು ಉತ್ತರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿಯಂಥ ಕಡೆ ಊರಿಗೆ ಬೇಕಾದ ಒಟ್ಟು ಮೊತ್ತ ಮೊದಲು ನಿಗದಿಯಾಗಿ, ಅದನ್ನು ಎಲ್ಲ ಆಸ್ತಿಗಳ ಮೇಲೆ ಹಂಚುತ್ತಾರೆ. ರೈತರಿಗೆ ಬಿಟ್ಟದ್ದು ನೇರ ಪಕ್ಕದ ಮನೆಯವರ ತಲೆಗೆ. ಕ್ಯಾಲಿಫೋರ್ನಿಯಾದಲ್ಲಿ ಶೇ 1ರ ದರ ಏರುವಂತಿಲ್ಲ, ಹಾಗಾಗಿ ಪಕ್ಕದವರ ಮೂಲ ತೆರಿಗೆ ಏರದು. ಅದರ ಬದಲು ಕೌಂಟಿ, ಅಗ್ನಿಶಾಮಕ ದಳ, ಗ್ರಂಥಾಲಯಗಳಿಗೆ ಬರುವ ಪಾಲು ಇಳಿಯುತ್ತದೆ. ಬಹುಪಾಲು ಶಾಲೆಗಳಿಗೆ ಆದ ಖೋತಾವನ್ನು ರಾಜ್ಯ ತುಂಬಿಕೊಡುತ್ತದೆ, ಉಳಿದವರಿಗೆ ತುಂಬುವವರಿಲ್ಲ. ಒಂದು ಅಪವಾದ ಬಾಂಡಿನ ದರ: ಸಾಲದ ಕಂತು ಅಷ್ಟೇ ಇರುತ್ತದೆ, ಹಂಚುವ ಆಸ್ತಿ ಕಡಿಮೆಯಾಗುತ್ತದೆ, ಮನೆಯವರ ದರ ಏರುತ್ತದೆ. ತೋಟವೇ ಆಸ್ತಿಯ ಬಹುಭಾಗವಾಗಿರುವ ಹಳ್ಳಿ ಶಾಲಾ ಜಿಲ್ಲೆಗಳಲ್ಲಿ ಏಟು ಜೋರು. ಅಂದರೆ ಬೆಳೆಗಾರರಿಗೆ ಉಳಿದ ದುಡ್ಡಿನ ಒಂದು ಪಾಲನ್ನು ಅವರ ತೋಟದ ಕೆಲಸಗಾರರ ಮನೆಗಳೇ ತುಂಬಬೇಕಾದೀತು. ಸ್ಥಳೀಯ ಸಂಸ್ಥೆಗಳಿಗೆ ನಷ್ಟ ತುಂಬಿಕೊಡುವ ಷರತ್ತಿಲ್ಲದ ಕರಡಿಗೆ ನಗರದ ಮತದಾರರ ಒಪ್ಪಿಗೆ ಸಿಗುವುದು ಕಷ್ಟ ಎಂದೇ ನನ್ನ ಎಣಿಕೆ. ನೀರಾವರಿ ಜಿಲ್ಲೆಯ ವಿಶೇಷ ಶುಲ್ಕಗಳು ಆಸ್ತಿ ಮೌಲ್ಯದ ಮೇಲಿನ ತೆರಿಗೆಯಲ್ಲ, ಯಾವ ವಿನಾಯಿತಿ ಬಂದರೂ ಅವು ಹಾಗೇ ಉಳಿಯುತ್ತವೆ.

ಇವತ್ತೇ ಕೈಗೆ ಸಿಗುವುದು

ಮಸೂದೆ ಗೆದ್ದರೂ ಎರಡು ಮೂರು ವರ್ಷದ ಮಾತು. ಅಷ್ಟರಲ್ಲಿ ಭಾವನವರು ನೋಡಬೇಕಾದ ಬಾಗಿಲುಗಳಿವೆ.

1965ರ ವಿಲಿಯಮ್ಸನ್ ಕಾಯ್ದೆಯಡಿ ಜಮೀನನ್ನು ಕೃಷಿಗೇ ಉಳಿಸುತ್ತೇವೆಂದು ಕೌಂಟಿಯೊಡನೆ ಕರಾರು ಮಾಡಿಕೊಂಡರೆ ಭೂಮಿ ಮತ್ತು ಮರಗಳ ಬೆಲೆಯನ್ನು ಅವುಗಳ ಆದಾಯದ ಲೆಕ್ಕದಲ್ಲಿ ಕಟ್ಟುತ್ತಾರೆ. ಕರಾರು 10 ವರ್ಷದ್ದು, ವರ್ಷವರ್ಷ ತಾನಾಗಿ ಮುಂದುವರಿಯುತ್ತದೆ. ಬೇಡವೆಂದು ನೋಟಿಸ್ ಕೊಟ್ಟರೂ ಬಿಡುಗಡೆಗೆ ಸುಮಾರು 9 ವರ್ಷ. ಮಧ್ಯದಲ್ಲೇ ಮುರಿದುಕೊಳ್ಳಲು ಕೌಂಟಿ ಒಪ್ಪಿದರೆ ಕರಾರಿಲ್ಲದ ಮಾರುಕಟ್ಟೆ ಬೆಲೆಯ ಶೇ 12.5 ದಂಡ. ಉತ್ತಮ ಮಣ್ಣಿನ ಜಮೀನಿಗೆ 10 ಎಕರೆ ಸಾಕು, 40 ಎಕರೆಗೆ ತೊಂದರೆಯಿಲ್ಲ. ಹಳೆಯ ಮೂಲಬೆಲೆಯೇ ಆಗಲೇ ತೀರಾ ಕಡಿಮೆಯಿದ್ದರೆ ಇದರಿಂದ ಹೆಚ್ಚೇನೂ ಸಿಗದು, ಪ್ರಾಪ್ 13ರ ಮೂಲಬೆಲೆ, ಇಂದಿನ ಮಾರುಕಟ್ಟೆ ಬೆಲೆ, ಆದಾಯದ ಲೆಕ್ಕದ ಬೆಲೆ ಈ ಮೂರರಲ್ಲಿ ಕಡಿಮೆಯದ್ದನ್ನೇ ಹಿಡಿಯುತ್ತಾರೆ. ಇತ್ತೀಚೆಗೆ ಕೊಂಡವರಿಗೆ ಇದು ಬಂಗಾರ. ಮನೆ ಮತ್ತು ಶೆಡ್ಡು ಇದರೊಳಗೆ ಬರುವುದಿಲ್ಲ.

ಯಂತ್ರ ಕೊಳ್ಳುವಾಗ ಮಾರಾಟ ತೆರಿಗೆಯಲ್ಲಿ ಬೆಲೆಯ ಶೇ 5ರಷ್ಟು ಬಿಟ್ಟುಕೊಡುವ ಭಾಗಶಃ ವಿನಾಯಿತಿ ಇದೆ. ಅದನ್ನೇ ಆಸ್ತಿ ತೆರಿಗೆಯ ವಿನಾಯಿತಿ ಎಂದು ತಿಳಿದು ವರ್ಷದ ಕೃಷಿ ಆಸ್ತಿ ಹೇಳಿಕೆ ಸಲ್ಲಿಸದೆ ಕೂತವರಿದ್ದಾರೆ. ಅದು ಏಪ್ರಿಲ್ 1ಕ್ಕೆ ಕೊಡಬೇಕಾದ್ದು, ಮೇ 7 ದಾಟಿದರೆ ಶೇ 10 ದಂಡ. ಮಾರಿದ, ಕೆಟ್ಟು ಗುಜರಿಗೆ ಹೋದ ಯಂತ್ರಗಳನ್ನು ಪಟ್ಟಿಯಿಂದ ತೆಗೆಸಿದ್ದೀರಾ ನೋಡಿ. ತೆಗೆಸದಿದ್ದರೆ ಇಲ್ಲದ ಶೇಕರಿಗೆ ತೆರಿಗೆ ಕಟ್ಟುತ್ತಿರುತ್ತೀರಿ.

ಎಲ್ಲಕ್ಕಿಂತ ದೊಡ್ಡದು ಪ್ರಾಪ್ 19. ಪ್ರಾಪ್ 15 ಸೋತ ಅದೇ ದಿನ ಅದೇ ಮತಪತ್ರದಲ್ಲಿ ಇದು ಗೆದ್ದಿತು. ಇದು ಸಹಿಯಿಂದ ಬಂದದ್ದಲ್ಲ, ಶಾಸಕಾಂಗ ಕಳಿಸಿದ ತಿದ್ದುಪಡಿ. 2021ರ ಫೆಬ್ರವರಿ 16ರಿಂದ ತಂದೆ-ತಾಯಿಯಿಂದ ಮಕ್ಕಳಿಗೆ ಹೋಗುವ ಬಹುತೇಕ ಆಸ್ತಿಗೆ ಹಳೆಯ ಮೂಲಬೆಲೆ ಸಿಗುವುದಿಲ್ಲ, ವಾಸದ ಮನೆ ಮತ್ತು ‘ಕುಟುಂಬದ ತೋಟ’ಕ್ಕೆ ಮಾತ್ರ ಸಿಗುತ್ತದೆ. ತೋಟಕ್ಕೆ ಹಳೆಯ ಮೂಲಬೆಲೆಯ ಮೇಲೆ 10 ಲಕ್ಷ ಡಾಲರಿನ ಅಂತರದವರೆಗೆ ರಕ್ಷಣೆ. ಈ ಮೊತ್ತವನ್ನು ಎರಡು ವರ್ಷಕ್ಕೊಮ್ಮೆ ಏರಿಸುತ್ತಾರೆ, 2025ರ ಫೆಬ್ರವರಿಯಿಂದ ಅದು 10,44,586. ನಮ್ಮ ಲೆಕ್ಕದ ಮಣ್ಣು ಇದರೊಳಗೆ ಆರಾಮವಾಗಿ ಹಿಡಿಸುತ್ತದೆ. ಮಕ್ಕಳು ತೋಟದಲ್ಲಿ ವಾಸಿಸಬೇಕೆಂದಿಲ್ಲ, ಕೃಷಿ ನಡೆದಿರಬೇಕು. ತೋಟದೊಳಗಿನ ಮನೆಗೆ ಮಾತ್ರ ವಾಸದ ಷರತ್ತು ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಅರ್ಜಿಯ ಹೆಸರು ಬಿಒಇ-19-ಪಿ, ವರ್ಗಾವಣೆಯಾದ 3 ವರ್ಷದೊಳಗೆ, ಆಸ್ತಿ ಹೊರಗಿನವರಿಗೆ ಮಾರಾಟವಾಗುವ ಮುಂಚೆ, ಅಸೆಸರ್ ಕಚೇರಿಗೆ ತಲುಪಬೇಕು.

ಬಹಳ ಕುಟುಂಬಗಳು ಎಡವುವ ಜಾಗ ಇದರಲ್ಲೇ ಇದೆ. ವ್ಯಾಜ್ಯಗಳಿಂದ ರಕ್ಷಣೆಗೆಂದು ಲೆಕ್ಕಪರಿಶೋಧಕರ ಮಾತು ಕೇಳಿ ತೋಟವನ್ನು ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿಯ, ಹೆಸರಿಗೆ ಬರೆದಿರುತ್ತಾರೆ. ಪ್ರಾಪ್ 19ರ ರಕ್ಷಣೆ ಇರುವುದು ಸ್ಥಿರಾಸ್ತಿಯ ವರ್ಗಾವಣೆಗೆ. ಎಲ್‌ಎಲ್‌ಸಿಯ ಪಾಲು ಮಕ್ಕಳಿಗೆ ಹೋದರೆ ಅದು ಸ್ಥಿರಾಸ್ತಿಯ ವರ್ಗಾವಣೆ ಅಲ್ಲ, ಪಾಲಿನ ವರ್ಗಾವಣೆ. ಪಾಲಿನ ಮೂಲಕ ಹಿಡಿತ ಕೈಬದಲಾದರೆ ಇಡೀ ತೋಟ ಮಾರುಕಟ್ಟೆ ಬೆಲೆಗೆ ಏರುತ್ತದೆ, ರಕ್ಷಣೆ ಸಿಗುವುದಿಲ್ಲ. ಹಿಂತೆಗೆದುಕೊಳ್ಳಬಹುದಾದ ಕುಟುಂಬ ಟ್ರಸ್ಟಿನಲ್ಲಿದ್ದರೆ ಈ ತೊಂದರೆ ಇಲ್ಲ. ಅಕ್ಕ-ಭಾವನವರ ಕ್ರಯಪತ್ರ ತೆಗೆದು, ಮಾಲೀಕರ ಜಾಗದಲ್ಲಿ ಯಾರ ಹೆಸರಿದೆ ಎಂದು ಈ ವಾರವೇ ನೋಡಲು ಹೇಳಿ.